ಗುಡುಗಿಗೆ ಮೊದಲು ಎರಡು, ಆಮೇಲೊಂದು: ಮಲೆನಾಡಿನ ಮನೆಯಲ್ಲಿ ಬೇಸಿಗೆ ರಜೆಯ ಸಿನಿಮಾ ಮ್ಯಾರಥಾನ್

ಮಲೆನಾಡಿನ ಮನೆಯಲ್ಲಿ ಸಿನಿಮಾ ಮ್ಯಾರಥಾನ್ ಕೆಡುವುದಿದ್ದರೆ ಹೆಚ್ಚಾಗಿ ಸಂಜೆ ನಾಲ್ಕರಿಂದ ಆರೂವರೆಯ ಒಳಗೇ ಕೆಡುತ್ತದೆ. ಮಧ್ಯಾಹ್ನದವರೆಗೆ ಬೆವರಿಳಿಸುವ ಸೆಖೆ, ಮೂರಕ್ಕೆ ಕಟ್ಟುವ ಮೋಡ, ನಾಲ್ಕಕ್ಕೆ ಗುಡುಗು, ಅದರ ಬೆನ್ನಿಗೇ ಹೋಗುವ ಕರೆಂಟು, ಕರೆಂಟಿನ ಹಿಂದೆಯೇ ಮೊಬೈಲ್ ಟವರು. ಎರಡನೇ ಸಿನಿಮಾದ ಕ್ಲೈಮ್ಯಾಕ್ಸ್ ಸರಿಯಾಗಿ ಅಲ್ಲಿಗೇ ಬಂದು ನಿಂತಿರುತ್ತದೆ. ಹಾಗಾಗಿ ಇಲ್ಲಿ ಸಿನಿಮಾ ಆರಿಸುವ ಮೊದಲು ಗಡಿಯಾರವನ್ನೂ ಮೋಡವನ್ನೂ ನೋಡಿಕೊಳ್ಳಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯ ಒಂದು ಹೆಂಚಿನ ಮನೆ. ಹತ್ತು ಹನ್ನೆರಡು ಜನ. ಅದರಲ್ಲಿ ಅರ್ಧ ರಜೆಗೆ ಬಂದ ಮಕ್ಕಳು. ಮುಂದಿನದೆಲ್ಲ ಈ ಲೆಕ್ಕಕ್ಕೆ ಬರೆದದ್ದು. ಶಿವಮೊಗ್ಗ ಪೇಟೆಯವರು ಮಳೆಹುಳದ ಮಾತು ಬಿಟ್ಟು ಉಳಿದದ್ದನ್ನು ಹಾಗೇ ಬಳಸಬಹುದು.

ಮೊದಲು ದಿನ, ಆಮೇಲೆ ಸಿನಿಮಾ

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ವಾರದವರೆಗೆ ರಜೆ. ಭರಣಿ ಮಳೆ ನಕ್ಷತ್ರ ಹಿಡಿಯುವುದು ಏಪ್ರಿಲ್ ಕೊನೆಗೆ, ಕೃತ್ತಿಕೆ ಮೇ ಎರಡನೇ ವಾರಕ್ಕೆ. ಅಂಗಳದಲ್ಲಿ ಪರದೆ ಕಟ್ಟುವ ಆಸೆಯಿದ್ದರೆ ಭರಣಿಗೆ ಮೊದಲೇ, ಏಪ್ರಿಲ್ ಮೂರನೇ ವಾರದಲ್ಲೇ ಮುಗಿಸಿಕೊಳ್ಳಿ. ಜಗಲಿಯ ಒಳಗೇ ನೋಡುವುದಾದರೆ ಮೇ ತಿಂಗಳೂ ಆಗುತ್ತದೆ.

ದಿನ ಗೊತ್ತು ಮಾಡುವಾಗ ಮೂರು ವಿಷಯ ವಿಚಾರಿಸಿ. ಒಂದು, ಐಪಿಎಲ್ ವೇಳಾಪಟ್ಟಿ. ರಾತ್ರಿ 7.30ಕ್ಕೆ ಆರ್‌ಸಿಬಿ ಪಂದ್ಯವಿರುವ ದಿನ ಮೂರನೇ ಸಿನಿಮಾ ಇಟ್ಟರೆ ರಿಮೋಟಿಗಾಗಿ ಮನೆ ಎರಡು ಪಕ್ಷವಾಗುತ್ತದೆ, ಸಿನಿಮಾ ಪಕ್ಷ ಗೆದ್ದ ಉದಾಹರಣೆ ಕಡಿಮೆ. ಎರಡು, ಪತ್ರಿಕೆಯಲ್ಲಿ ಬರುವ ‘ವಿದ್ಯುತ್ ವ್ಯತ್ಯಯ’ದ ಪ್ರಕಟಣೆ. ಮಳೆಗಾಲಕ್ಕೆ ಮೊದಲು ಲೈನಿಗೆ ತಾಗುವ ಕೊಂಬೆ ಸವರುವ ಕೆಲಸ ಬೇಸಿಗೆಯಲ್ಲೇ ನಡೆಯುವುದರಿಂದ ಹಗಲಿಡೀ ಕರೆಂಟು ತೆಗೆಯುವ ದಿನಗಳಿರುತ್ತವೆ. ಅನುಮಾನವಿದ್ದರೆ ಹಿಂದಿನ ದಿನವೇ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ. ಮೂರು, ಊರಿನ ಮದುವೆ, ತೇರು, ಯಕ್ಷಗಾನ. ಹತ್ತಿರದಲ್ಲಿ ಆಟವಿದ್ದರೆ ಆಟಕ್ಕೇ ಹೋಗಿ.

ವಿಷಯ ಸಣ್ಣದಾಗಿರಲಿ

‘ಕನ್ನಡದ ಒಳ್ಳೆಯ ಸಿನಿಮಾಗಳು’ ಎನ್ನುವುದು ವಿಷಯವಲ್ಲ, ಅದು ಬರೀ ಪಟ್ಟಿ. ಮನೆಯ ಎಂಟು ವರ್ಷದ ಮಗುವಿಗೂ ಒಂದು ವಾಕ್ಯದಲ್ಲಿ ಹೇಳಲು ಬರುವಂಥದ್ದು ವಿಷಯ: ‘ಇವತ್ತು ಎಲ್ಲ ಸಿನಿಮಾದಲ್ಲೂ ಶಾಲೆ ಇರುತ್ತದೆ’, ‘ಇವತ್ತು ಎಲ್ಲದರಲ್ಲೂ ಮಳೆ ಬರುತ್ತದೆ’. ಹೀಗೆ ಕಟ್ಟಿದರೆ ಎರಡನೇ ಸಿನಿಮಾ ನೋಡುವಾಗ ಮೊದಲನೆಯದರ ಜೊತೆ ಹೋಲಿಸುವ ಮಾತು ತಾನಾಗಿ ಏಳುತ್ತದೆ. ಮ್ಯಾರಥಾನಿನ ರುಚಿ ಇರುವುದೇ ಅಲ್ಲಿ. ಇಲ್ಲವಾದರೆ ದಿನಕ್ಕೊಂದರಂತೆ ಮೂರು ದಿನ ನೋಡಿದರೂ ಅಷ್ಟೇ.

ಮಕ್ಕಳು ಹೆಚ್ಚಿದ್ದರೆ ‘ಶಾಲೆ ಮತ್ತು ಪುಸ್ತಕ’ ಚೆನ್ನಾಗಿ ಕೂರುತ್ತದೆ. ಬೆಳಿಗ್ಗೆ ‘ಬೆಟ್ಟದ ಹೂವು’ (1985). ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಸು ಕೂಡಿಡುವ ಹುಡುಗನ ಕಥೆ, ಪುನೀತ್ ರಾಜ್‌ಕುಮಾರ್ ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಮಧ್ಯಾಹ್ನಕ್ಕೆ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ (2018). ನಗು, ಹಾಡು ಎರಡೂ ಇರುವುದರಿಂದ ಊಟದ ಮೇಲಿನ ತೂಕಡಿಕೆಗೆ ಅದೇ ಮದ್ದು. ರಾತ್ರಿಗೆ ‘ಡೇರ್‌ಡೆವಿಲ್ ಮುಸ್ತಾಫಾ’ (2023). ಪೂರ್ಣಚಂದ್ರ ತೇಜಸ್ವಿಯವರ ಕಥೆ, ಕಾಲೇಜು, ಕ್ರಿಕೆಟ್ಟು. ರಾತ್ರಿ ಕಣ್ಣು ಬಿಡಿಸಿ ಕೂರಿಸಲು ಅಷ್ಟು ಸಾಕು.

ದೊಡ್ಡವರೇ ಇದ್ದರೆ ‘ಮಳೆ’. ‘ಭೂತಯ್ಯನ ಮಗ ಅಯ್ಯು’ವಿನ (1974) ಕೊನೆಯ ಪ್ರವಾಹ, ‘ದ್ವೀಪ’ದ (2002) ಮುಳುಗಡೆ, ‘ಮುಂಗಾರು ಮಳೆ’ಯ (2006) ಜೋಗ. ಮೂರರಲ್ಲೂ ಒಂದೇ ನೀರು ಬೇರೆ ಬೇರೆ ಕೆಲಸ ಮಾಡುತ್ತದೆ. ‘ದ್ವೀಪ’ ಸಾಗರದ ನಾ. ಡಿ’ಸೋಜ ಅವರ ಕಾದಂಬರಿಯಿಂದ ಬಂದದ್ದು. ಶರಾವತಿ ಹಿನ್ನೀರಿನಲ್ಲಿ ನೆಲ ಕಳೆದುಕೊಂಡ ಮನೆತನದ ಹಿರಿಯರು ಕೂತಿದ್ದರೆ ಆ ಸಿನಿಮಾ ಮುಗಿದ ಕೂಡಲೇ ಮುಂದಿನದನ್ನು ಹಾಕಬೇಡಿ. ಅವರು ಮಾತಾಡಲು ಶುರು ಮಾಡುತ್ತಾರೆ, ಮಾತಾಡಲಿ.

ಇನ್ನೂ ಗಟ್ಟಿಯಾದದ್ದು ಬೇಕೆನ್ನುವವರಿಗೆ ‘ಸ್ವರ್ಣಕಮಲ’ವೇ, ಅಂದರೆ ದೇಶದ ಅತ್ಯುತ್ತಮ ಚಿತ್ರಕ್ಕೆ ಸಿಗುವ ರಾಷ್ಟ್ರಪ್ರಶಸ್ತಿಯೇ, ಒಂದು ವಿಷಯ: ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಇದರಲ್ಲಿ ಕೊನೆಯ ನಾಲ್ಕೂ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ್ ಕಾಸರವಳ್ಳಿ ಅವರವು. ಆದರೆ ಇವನ್ನು ಒಂದೇ ದಿನಕ್ಕೆ ಮೂರು ನೋಡುತ್ತೇವೆ ಎನ್ನುವುದು ಹಟ. ಎರಡು ಸಾಕು, ಮೂರನೆಯದು ಹಗುರವಾದದ್ದು ಇರಲಿ, ವಿಷಯ ಸ್ವಲ್ಪ ಆಚೀಚೆಯಾದರೂ ಪರವಾಗಿಲ್ಲ.

ತುಂಬುವ ಸಾಮಾನು ಎಂದು ‘ಮಾಲ್ಗುಡಿ ಡೇಸ್’ನ ಎರಡು ಮೂರು ಕಂತು ಕೈಯಲ್ಲಿರಲಿ. ಶಂಕರ್‌ನಾಗ್ 1987ರಲ್ಲಿ ದೂರದರ್ಶನಕ್ಕೆ ಕೊಟ್ಟ ಈ ಧಾರಾವಾಹಿಯ ಕಂತು ಒಂದೊಂದೂ ಇಪ್ಪತ್ತು ನಿಮಿಷ ಚಿಲ್ಲರೆ. ಅಡುಗೆ ತಡವಾಯಿತು, ನೆಂಟರು ಬರುವುದು ಹೊತ್ತಾಯಿತು ಎನ್ನುವಾಗ ಇದನ್ನು ಹಾಕಬಹುದು. ಚಿತ್ರೀಕರಣ ನಡೆದ ನಮ್ಮ ಆಗುಂಬೆಯ ಬೀದಿಯನ್ನು ಗುರುತಿಸುವ ಆಟವೂ ಆಯಿತು.

ಮಕ್ಕಳಿರುವಲ್ಲಿ ಸೆನ್ಸಾರ್ ಪ್ರಮಾಣಪತ್ರ ನೋಡಿ. 2024ರ ಹೊಸ ನಿಯಮದಲ್ಲಿ ‘ಯುಎ’ಯನ್ನು 7+, 13+, 16+ ಎಂದು ಬಿಡಿಸಿದ್ದಾರೆ, ಅದಕ್ಕೂ ಹಿಂದಿನ ಚಿತ್ರಗಳಲ್ಲಿ ಬರೀ ‘ಯು/ಎ’ ಎಂದಿರುತ್ತದೆ. ಹಳೆಯದರ ವಿಷಯದಲ್ಲಿ ದೊಡ್ಡವರೊಬ್ಬರು ಮೊದಲೇ ನೋಡಿಕೊಳ್ಳುವುದೇ ದಾರಿ.

ದಿನದ ಓಟ

ದಿನಕ್ಕೆ ಮೂರು. ನಾಲ್ಕನೆಯದು ಕಾಗದದ ಮೇಲೆ ಮಾತ್ರ ಹಿಡಿಸುತ್ತದೆ. ಕನ್ನಡ ಸಿನಿಮಾ ಒಂದಕ್ಕೆ ಸರಾಸರಿ ಎರಡು ಗಂಟೆ ಇಪ್ಪತ್ತು ನಿಮಿಷ ಹಿಡಿದರೆ ಮೂರಕ್ಕೇ ಏಳು ಗಂಟೆ. ನಿಜವಾದ ಅವಧಿಯನ್ನು ನಿಮ್ಮ ಕೈಯಲ್ಲಿರುವ ಪ್ರತಿ ನೋಡಿಯೇ ಬರೆದುಕೊಳ್ಳಿ. ಯೂಟ್ಯೂಬಿನ ಹಳೆಯ ಪ್ರತಿಗಳಲ್ಲಿ ಹಾಡು, ಕೆಲವೊಮ್ಮೆ ದೃಶ್ಯಗಳೇ ಕತ್ತರಿಸಿ ಹೋಗಿರುತ್ತವೆ.

ಬೆಳಿಗ್ಗೆ 9.30ಕ್ಕೆ ಮೊದಲನೆಯದು. 12ಕ್ಕೆ ಊಟ. 1 ಗಂಟೆಗೆ ಎರಡನೆಯದು ಶುರುವಾಗಲೇಬೇಕು, 3.30ರೊಳಗೆ ಮುಗಿಯಲೇಬೇಕು. ಅಲ್ಲಿಂದ 7ರವರೆಗೆ ಏನೂ ಇಡಬೇಡಿ. ಅದು ಗುಡುಗಿನ ಹೊತ್ತು, ನಿದ್ದೆಯ ಹೊತ್ತು, ಕಾಫಿಯ ಹೊತ್ತು. ಮಳೆ ಬಾರದ ದಿನ ಮಕ್ಕಳು ಹೊಳೆಗೋ ಗೇರುಹಣ್ಣಿಗೋ ಹೋಗಿ ಬರುತ್ತಾರೆ. ಎರಡು ಸಿನಿಮಾ ನೋಡಿದ ಕಾಲಿಗೆ ಅದೂ ಬೇಕು. 6.45ಕ್ಕೆ ಮಕ್ಕಳ ಊಟ, 7.30ಕ್ಕೆ ಮೂರನೆಯದು. ಅಂಗಳವಾದರೆ ಇದಕ್ಕಿಂತ ಮುಂಚೆ ಆಗುವುದೂ ಇಲ್ಲ: ಈ ದಿನಗಳಲ್ಲಿ ಸೂರ್ಯ ಮುಳುಗುವುದು ಆರೂಮುಕ್ಕಾಲರ ಸುಮಾರಿಗೆ, ಬಟ್ಟೆಯ ಮೇಲೆ ಚಿತ್ರ ಕಣ್ಣಿಗೆ ಹತ್ತುವಷ್ಟು ಕತ್ತಲಾಗಲು ಏಳೂಕಾಲು ದಾಟುತ್ತದೆ.

ಯಾವುದು ಮೊದಲು? ಒಳ್ಳೆಯದನ್ನು ರಾತ್ರಿಗೆ ಎತ್ತಿಡುವುದು ಎಲ್ಲರ ರೂಢಿ. ಅದು ತಪ್ಪು. ನಿಧಾನದ, ತೂಕದ ಸಿನಿಮಾ ಬೆಳಿಗ್ಗೆಯೇ ಆಗಬೇಕು, ತಲೆ ಹೊಸದಾಗಿರುತ್ತದೆ. ಮಧ್ಯಾಹ್ನಕ್ಕೆ ಮಾತು, ಹಾಸ್ಯ ಹೆಚ್ಚಿರುವುದು. ರಾತ್ರಿಗೆ ಚಿತ್ರ ಚೆಂದವಿರುವುದು, ಕತ್ತಲೆ ಬೇಡುವುದು. ‘ದ್ವೀಪ’ದಂಥ ಮಬ್ಬು ಬೆಳಕಿನ ಸಿನಿಮಾವನ್ನು ಹಗಲು ಕಿಟಕಿ ತೆರೆದ ಜಗಲಿಯಲ್ಲಿ ನೋಡಿದರೆ ಪರದೆಯಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಬೆಳಿಗ್ಗೆ ಅದನ್ನೇ ಹಾಕುವುದಾದರೆ ಕಿಟಕಿಗೆ ಕಂಬಳಿ ಕಟ್ಟಿ.

ಕರೆಂಟಿನ ಲೆಕ್ಕ

ಯುಪಿಎಸ್ ಇದೆಯಲ್ಲ ಎಂಬ ಧೈರ್ಯಕ್ಕೆ ಸ್ವಲ್ಪ ಗಣಿತ ಬೇಕು. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಹೆಸರಿಗೆ 1,800 ವ್ಯಾಟ್-ಅವರ್ ಇರುತ್ತದೆ. ಪೂರ್ತಿ ಬರಿದಾಗಿಸಬಾರದು, ಯುಪಿಎಸ್ ತಾನೂ ಸ್ವಲ್ಪ ತಿನ್ನುತ್ತದೆ. ಕೈಗೆ ಸಿಗುವುದು 1,100ರ ಆಸುಪಾಸು. 43 ಇಂಚಿನ ಎಲ್‌ಇಡಿ ಟಿವಿಗೆ 80ರಿಂದ 100 ವ್ಯಾಟ್, ಒಂದು ಫ್ಯಾನಿಗೆ 70, ಸ್ಪೀಕರಿಗೆ 25, ಎರಡು ಬಲ್ಬಿಗೆ 18. ಒಟ್ಟು 210 ಎಂದುಕೊಳ್ಳಿ. ಐದು ಗಂಟೆ, ಅಂದರೆ ಎರಡು ಸಿನಿಮಾ. ಬ್ಯಾಟರಿಗೆ ನಾಲ್ಕೈದು ವರ್ಷವಾಗಿದ್ದರೆ ಅರ್ಧಕ್ಕೇ ಕೈ ಕೊಡುತ್ತದೆ ಎಂದು ಲೆಕ್ಕ ಹಾಕಿ. ವಾರದ ಮೊದಲೇ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ ತುಂಬಿಸಿ, ಒಮ್ಮೆ ಮೈನ್ ಆಫ್ ಮಾಡಿ ಟಿವಿ, ಫ್ಯಾನ್ ಹಾಕಿ ಎಷ್ಟು ಹೊತ್ತು ಎಳೆಯುತ್ತದೆಂದು ಅಳೆದುಬಿಡಿ. ಫ್ರಿಜ್ಜು ಯುಪಿಎಸ್ ಲೈನಿನಲ್ಲಿದ್ದರೆ ಅವತ್ತಿಗೆ ತಪ್ಪಿಸಿ, ಅದರ ಕಂಪ್ರೆಸರ್ ಶುರುವಾಗುವಾಗಿನ ಎಳೆತಕ್ಕೇ ಯುಪಿಎಸ್ ಓವರ್‌ಲೋಡ್ ಎಂದು ಕೂಗಬಹುದು. ಚಟ್ನಿಗೆ ಮಿಕ್ಸಿ ಹಾಕುವವರಿಗೂ ಮೊದಲೇ ಹೇಳಿಡಿ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಯುಪಿಎಸ್ ಇದೆ ಎಂದು ಗುಡುಗಿನ ನಡುವೆಯೇ ಸಿನಿಮಾ ಮುಂದುವರಿಸುತ್ತಾರೆ. ಕರೆಂಟು ಹೋಗಿದ್ದರೂ ಟಿವಿ ಮನೆಯ ವೈರಿಂಗಿಗೆ ಅಂಟಿಕೊಂಡೇ ಇರುತ್ತದೆ. ಹತ್ತಿರದ ಲೈನಿಗೆ ಸಿಡಿಲು ಹೊಡೆದರೆ ಯುಪಿಎಸ್ ಜೊತೆ ಟಿವಿಯೂ ಹೋಗುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತರ ಒಳಗೆ ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಬಂದಿದೆ ಎಂದರ್ಥ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಜೊತೆಗೆ ಡಿಶ್‌ನ ಕೇಬಲ್, ರೂಟರಿನಿಂದ ಟಿವಿಗೆ ಬರುವ ವೈರು. ಫೈಬರ್ ತಂತಿಯಲ್ಲಿ ಕರೆಂಟು ಹರಿಯುವುದಿಲ್ಲ, ಅದರ ಅಡಾಪ್ಟರಿನಲ್ಲಿ ಹರಿಯುತ್ತದೆ, ಅದನ್ನೂ ಕೀಳಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆ ಮತ್ತೆ ಸಿಕ್ಕಿಸಿ. ಯುಪಿಎಸ್ ಬೇಕಾಗುವುದು ಆಗ: ಗುಡುಗು ನಿಂತಿದೆ, ಕರೆಂಟು ಮಾತ್ರ ಬಂದಿಲ್ಲ. ಬಂದ ಕರೆಂಟನ್ನೂ ಐದು ನಿಮಿಷ ನಂಬಬೇಡಿ, ಎರಡು ಮೂರು ಸಲ ಹೋಗಿ ಬಂದು ಮಾಡುವಾಗಲೇ ಟಿವಿಯ ಬೋರ್ಡು ಸುಡುವುದು.

ಸಿನಿಮಾ ಕೈಯಲ್ಲಿರಲಿ, ಗಾಳಿಯಲ್ಲಲ್ಲ

ಜೋರು ಮಳೆಗೆ ಡಿಶ್ ಸಿಗ್ನಲ್ ಹೋಗುತ್ತದೆ. ಆ ತರಂಗಗಳನ್ನು ದಪ್ಪ ಹನಿಗಳೇ ಹೀರಿಬಿಡುತ್ತವೆ. ಟವರು ಕರೆಂಟಿನ ಹಿಂದೆ ಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಬೇಕು. ದಿನಕ್ಕೆ 2 ಜಿಬಿ ಸಿಗುವ ಪ್ಲಾನಿನಲ್ಲಿ ಮಧ್ಯಮ ಗುಣಮಟ್ಟದ ಒಂದು ಸಿನಿಮಾ ಇಳಿಯುತ್ತದೆ. ಮಧ್ಯರಾತ್ರಿ ಹನ್ನೆರಡಕ್ಕೆ ಲೆಕ್ಕ ಹೊಸದಾಗುವ ಪ್ಲಾನಾದರೆ ಹನ್ನೊಂದೂವರೆಗೆ ಒಂದು ಮುಗಿಸಿ, ಹನ್ನೆರಡರ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ಆ ಹೊತ್ತಿಗೆ ನೆಟ್ಟೂ ಚುರುಕು.

ಒಟಿಟಿ ಆ್ಯಪ್‌ಗಳಲ್ಲಿ ಇಳಿಸಿದ್ದಕ್ಕೆ ಆಯುಸ್ಸಿದೆ. ಹಲವು ಆ್ಯಪ್‌ಗಳಲ್ಲಿ ಒಮ್ಮೆ ಪ್ಲೇ ಒತ್ತಿದರೆ 48 ಗಂಟೆಗೆ ಮುಗಿಯುತ್ತದೆ. ‘ಸರಿ ಇದೆಯಾ ನೋಡೋಣ’ ಎಂದು ಮೂರು ದಿನ ಮೊದಲೇ ಒತ್ತಿದವರಿಗೆ ಮ್ಯಾರಥಾನಿನ ದಿನ ಸಿನಿಮಾ ಇರುವುದಿಲ್ಲ. ಪರೀಕ್ಷೆಯನ್ನು ಹಿಂದಿನ ಸಂಜೆಗೆ ಇಟ್ಟುಕೊಳ್ಳಿ.

ಪರೀಕ್ಷೆ ಮಾತ್ರ ಬಿಡಬೇಡಿ. ಮೊಬೈಲಿನಲ್ಲಿ ಇಳಿಸಿದ್ದನ್ನು ಟಿವಿಗೆ ಮಿರರ್ ಮಾಡಿದರೆ ಹಲವು ಸಲ ಶಬ್ದ ಬರುತ್ತದೆ, ಚಿತ್ರ ಕಪ್ಪಾಗುತ್ತದೆ. ನಕಲು ತಡೆಯುವ ಬೀಗ ಅದು, ಟಿವಿಯ ದೋಷವಲ್ಲ. ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ವೈರು ತಂದರೂ ಕಡಿಮೆ ಬೆಲೆಯ ಬಹಳಷ್ಟು ಫೋನುಗಳು ಆ ದಾರಿಯಲ್ಲಿ ಚಿತ್ರ ಕಳಿಸುವುದಿಲ್ಲ. ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ವೈರು ಎಳೆಯುವುದೇ ನಂಬಿಕಸ್ಥ ದಾರಿ. ಫೋನನ್ನೋ ಲ್ಯಾಪ್‌ಟಾಪನ್ನೋ ಏರ್‌ಪ್ಲೇನ್ ಮೋಡಿಗೆ ಹಾಕಿ, ನೆಟ್ ಇಲ್ಲದೆಯೇ ಹತ್ತು ನಿಮಿಷ ಓಡಿಸಿ ನೋಡಿದರೆ ಎಲ್ಲ ಗೊತ್ತಾಗುತ್ತದೆ.

ಹಳೆಯ ಸಿನಿಮಾಗಳು ಹಕ್ಕುದಾರ ಸಂಸ್ಥೆಗಳ ಯೂಟ್ಯೂಬ್ ಚಾನೆಲ್ಲಿನಲ್ಲೇ ಹಲವು ಸಿಗುತ್ತವೆ. ಮನೆಯವರು, ನೆಂಟರು ಕೂತು ನೋಡಲು ತೊಂದರೆಯಿಲ್ಲ. ಊರಿನ ಸಮುದಾಯ ಭವನದಲ್ಲಿ, ದೇವಸ್ಥಾನದ ಅಂಗಳದಲ್ಲಿ ಎಲ್ಲರಿಗೂ ತೋರಿಸುವುದಾದರೆ ಮಾತ್ರ 1957ರ ಕೃತಿಸ್ವಾಮ್ಯ ಕಾಯ್ದೆ ಅಡ್ಡ ಬರುತ್ತದೆ, ಹಕ್ಕುದಾರರ ಒಪ್ಪಿಗೆ ಪಡೆಯಬೇಕು. ಟಿಕೆಟ್ ಇಲ್ಲ, ಪುಕ್ಕಟೆ ಎಂದರೂ ಅದೇ.

ಪರದೆ, ಶಬ್ದ, ಹುಳ

ಪ್ರೊಜೆಕ್ಟರ್ ಬಾಡಿಗೆಗೆ ತರುವವರು ಡಬ್ಬದ ಮೇಲಿನ ‘10,000 ಲುಮೆನ್ಸ್’ ನಂಬಬೇಡಿ. ಗೊತ್ತಾದ ಕ್ರಮದಲ್ಲಿ ಅಳೆದ ಬೆಳಕಿನ ಲೆಕ್ಕವಾದ ‘ಆ್ಯನ್ಸಿ ಲುಮೆನ್ಸ್’ ಎಷ್ಟು ಎಂದು ಕೇಳಿ. ಇನ್ನೂರು ಮುನ್ನೂರಿದ್ದರೆ ಪೂರ್ತಿ ಕತ್ತಲಲ್ಲಿ ಮಾತ್ರ ಚೆಂದ. ಪರದೆಗೆ ಬಿಳಿ ಡಬಲ್ ಬೆಡ್‌ಶೀಟ್ ಸಾಕು. ಅಗಲ 80 ಇಂಚು ಬಿಟ್ಟರೆ ಎತ್ತರ 45 ಇಂಚು ಬೇಕು. 1.5 ಥ್ರೋ (ಚಿತ್ರದ ಅಗಲದ ಎಷ್ಟು ಪಟ್ಟು ದೂರ ಇಡಬೇಕೆಂಬ ಲೆಕ್ಕ) ಇರುವ ಪ್ರೊಜೆಕ್ಟರನ್ನು ಪರದೆಯಿಂದ 120 ಇಂಚು, ಅಂದರೆ ಹತ್ತು ಅಡಿ ದೂರ ಇಡಬೇಕು. ಜಗಲಿ ಅಷ್ಟು ಉದ್ದವಿದೆಯೇ ಅಳೆಯಿರಿ. ಬಟ್ಟೆಯ ಹಿಂದೆ ಇನ್ನೊಂದು ಗಾಢ ಬಣ್ಣದ ಬಟ್ಟೆ ಕಟ್ಟಿದರೆ ಬೆಳಕು ಸೋರಿ ಹೋಗುವುದಿಲ್ಲ. ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಅಡಿಕೆ ದಬ್ಬೆ ಸೇರಿಸಿ ಹೊಲಿದರೆ ಗಾಳಿಗೆ ನಾಯಕನ ಮುಖ ಅಲೆಯಾಡುವುದು ತಪ್ಪುತ್ತದೆ.

ಹಳೆಯ ಚೌಕಾಕಾರದ ಸಿನಿಮಾವನ್ನು ಪರದೆ ತುಂಬ ಎಳೆಯಬೇಡಿ, ಎಲ್ಲರ ಕೆನ್ನೆ ಊದಿದಂತಾಗುತ್ತದೆ. ಎರಡು ಬದಿ ಕಪ್ಪು ಪಟ್ಟಿ ಇದ್ದರೆ ಇರಲಿ. ಬ್ಲೂಟೂತ್ ಸ್ಪೀಕರಿನಲ್ಲಿ ತುಟಿ ಮೊದಲು, ಮಾತು ಆಮೇಲೆ ಬಂದರೆ ವೈರು ಹಾಕುವುದೇ ಪರಿಹಾರ. ಸ್ಪೀಕರ್ ಪರದೆಯ ನಡುವಿಗೇ ಇರಲಿ.

ಹೆಂಚಿನ ಮೇಲೆ, ಅದಕ್ಕಿಂತ ತಗಡಿನ ಮೇಲೆ, ಮಳೆ ಬಿದ್ದರೆ ಯಾವ ಸ್ಪೀಕರೂ ಗೆಲ್ಲುವುದಿಲ್ಲ. ಸಬ್‌ಟೈಟಲ್ ಇದ್ದರೆ ಹಾಕಿ, ಇಲ್ಲವಾದರೆ ನಿಲ್ಲಿಸಿ.

ಮೊದಲ ಮಳೆ ಬಿದ್ದ ಸಂಜೆ ಮಳೆಹುಳ ಏಳುತ್ತವೆ. ಕತ್ತಲ ಅಂಗಳದಲ್ಲಿ ಹೊಳೆಯುವ ಒಂದೇ ಬಿಳಿ ಪರದೆ ಎಂದರೆ ಅವಕ್ಕೆ ಹಬ್ಬ. ಮನೆಯ ಇನ್ನೊಂದು ಬದಿಯಲ್ಲಿ ಒಂದು ಬಲ್ಬು ಉರಿಸಿ, ಕೆಳಗೆ ನೀರು ತುಂಬಿದ ಬೋಗುಣಿ ಇಡಿ. ಮುಕ್ಕಾಲು ಗಂಟೆಯಲ್ಲಿ ರೆಕ್ಕೆ ಉದುರಿಸಿಕೊಂಡು ತಣ್ಣಗಾಗುತ್ತವೆ. ಅವತ್ತು ಸಿನಿಮಾ 8.15ಕ್ಕೆ ಎಂದುಕೊಂಡರಾಯಿತು.

ಬಾಯಿಗೆ

ಅಡುಗೆಮನೆಯಲ್ಲಿ ಸಿಕ್ಕಿಕೊಂಡವರು ಮೊದಲ ಅರ್ಧ ಗಂಟೆ ತಪ್ಪಿಸಿಕೊಂಡರೆ ಆ ಸಿನಿಮಾ ಅವರ ಪಾಲಿಗೆ ಹೋದಂತೆಯೇ. ಬೆಳಿಗ್ಗೆ ಕೊಟ್ಟೆ ಕಡುಬು, ಮಧ್ಯಾಹ್ನ ಚಿತ್ರಾನ್ನ, ಮೊಸರನ್ನ, ಮಿಡಿ ಉಪ್ಪಿನಕಾಯಿ ಎಂದು ಮುಗಿಸಿ, ಒಂಬತ್ತೂವರೆಗೆ ಒಲೆ ಆರಿಸಿ. ಬಡಿಸುವುದು, ತೊಳೆಯುವುದು ಗಂಡಸರ, ದೊಡ್ಡ ಮಕ್ಕಳ ಪಾಳಿ.

ಕುರುಕಲಿಗೆ ಮಂಡಕ್ಕಿ. ಹತ್ತು ಜನಕ್ಕೆ 300 ಗ್ರಾಂ ಮಂಡಕ್ಕಿ, 100 ಗ್ರಾಂ ಹುರಿದ ಶೇಂಗಾ, ಮೂರು ಈರುಳ್ಳಿ, ಎರಡು ಟೊಮೆಟೊ, ನಾಲ್ಕು ಚಮಚ ಕೊಬ್ಬರಿ ಎಣ್ಣೆ, ಖಾರದ ಪುಡಿ, ಉಪ್ಪು. ಮಳೆಗಾಳಿಗೆ ಮಂಡಕ್ಕಿ ಮೆತ್ತಗಾಗಿದ್ದರೆ ಬಾಣಲೆಯಲ್ಲಿ ಎರಡು ನಿಮಿಷ ಬಿಸಿ ಮಾಡಿ. ಎಣ್ಣೆ, ಖಾರ, ಉಪ್ಪನ್ನು ಮೊದಲು ಕಲಸಿ. ಎಣ್ಣೆಯ ಪದರ ಹತ್ತಿದ ಮಂಡಕ್ಕಿ ನೀರು ಹೀರುವುದು ನಿಧಾನ. ಈರುಳ್ಳಿ, ಟೊಮೆಟೊ ಬಡಿಸುವ ಕ್ಷಣಕ್ಕೆ. ಹಲಸಿನ ಹಪ್ಪಳವನ್ನು ಸಂಜೆಯ ಕಾಫಿಗೇ ಕರಿಯಿರಿ. ಹತ್ತು ಜನ ಹಪ್ಪಳ ಮುರಿಯುವ ಜಗಲಿಯಲ್ಲಿ ಕಾಸರವಳ್ಳಿಯವರ ಮೌನ ಉಳಿಯುವುದಿಲ್ಲ.

ಕುಡಿಯಲು ಮುರುಗಲು, ಪುನರ್ಪುಳಿ ಎನ್ನುವುದೂ ಇದನ್ನೇ. ಒಣಗಿದ ಸಿಪ್ಪೆ ಎರಡು ಹಿಡಿ, ಒಂದು ಲೀಟರ್ ನೀರಲ್ಲಿ ಎರಡು ಗಂಟೆ ನೆನೆಸಿ ಕಿವುಚಿ ಸೋಸಿ. ಇನ್ನೂ ಒಂದೂವರೆ ಲೀಟರ್ ನೀರು, ಕಾಲು ಕಿಲೋ ಸಕ್ಕರೆ, ಚಿಟಿಕೆ ಉಪ್ಪು, ಜಜ್ಜಿದ ಏಲಕ್ಕಿ. ಸ್ಟೀಲ್ ಪಾತ್ರೆಯಲ್ಲೋ ಗಾಜಿನದರಲ್ಲೋ ಇಡಿ. ಅಲ್ಯೂಮಿನಿಯಂ, ಹಿತ್ತಾಳೆ ಹುಳಿಗೆ ಆಗದು.

ಮರುದಿನ

ವಿಷಯವನ್ನು ಮರುದಿನದ ತಿರುಗಾಟಕ್ಕೆ ಜೋಡಿಸಿದರೆ ಮಕ್ಕಳಿಗೆ ಖುಷಿ. ‘ಬೆಟ್ಟದ ಹೂವು’ ನೋಡಿದವರು ಕುಪ್ಪಳಿಯ ಕವಿಮನೆಗೆ. ‘ಮಾಲ್ಗುಡಿ’ ನೋಡಿದವರು ಆಗುಂಬೆಗೆ, ಇಲ್ಲವೇ ಶಿವಮೊಗ್ಗ–ತಾಳಗುಪ್ಪ ರೈಲುಮಾರ್ಗದ ಅರಸಾಳು ನಿಲ್ದಾಣಕ್ಕೆ. ಧಾರಾವಾಹಿಯ ಮಾಲ್ಗುಡಿ ಸ್ಟೇಷನ್ ಅದೇ. ಹಳೆಯ ಕಟ್ಟಡವನ್ನು ಸರಿಮಾಡಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಬೆಳಿಗ್ಗೆಯೇ ಹೊರಡಿ, ಮೂರಕ್ಕೆ ಮತ್ತೆ ಮೋಡ.

ಪ್ರೊಜೆಕ್ಟರ್ ಸ್ವಂತದ್ದಾದರೆ ಹಾಗೇ ಅಟ್ಟಕ್ಕೆ ಹಾಕಬೇಡಿ. ಆರಿಸಿದ ಮೇಲೆ ಅದರ ಫ್ಯಾನು ನಿಲ್ಲುವವರೆಗೆ ಪ್ಲಗ್ ಕೀಳದೆ ಬಿಡಿ, ಪೂರ್ತಿ ತಣ್ಣಗಾದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಗಾಳಿಗೆ ಚಪ್ಪಲಿಗೆ ಬೂಸಲು ಬರುವ ಹಾಗೆಯೇ ಲೆನ್ಸಿಗೂ ಬರುತ್ತದೆ, ಒಮ್ಮೆ ಹತ್ತಿದರೆ ಒರೆಸಿದರೆ ಹೋಗುವುದಿಲ್ಲ. ನೀಲಿ ಸಿಲಿಕಾ ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದು ತುಂಬಿದೆ ಎಂದರ್ಥ. ಆಗ ಹೊಸ ಪೊಟ್ಟಣ ಹಾಕಿ.